60 ಡಾಲರ್, 9 ಪಂದ್ಯ

ಒಳಗೆ ಬಂದವನೇ ಬಾಗಿಲು ಹಾಕಿದ. ಕುರ್ಚಿಯಲ್ಲಿ ಕೂತು ಫೋನ್ ತೆಗೆದ, ಮೇಜಿನ ಮೇಲೆ ನನ್ನ ಕಡೆಗೆ ಸರಿಸಿದ. ಬೆಟ್ಟಿಂಗ್ ಆ್ಯಪ್ ತೆರೆದಿತ್ತು. ಒಂದರ ಕೆಳಗೊಂದು ಸಾಲು. 5 ಡಾಲರ್, 10 ಡಾಲರ್, ಮತ್ತೆ 5. ಒಂದು ಶನಿವಾರ ಮಾತ್ರ 25.

"ಎಲ್ಲಾ ಎನ್‌ಬಿಎ, ಎನ್‌ಎಫ್‌ಎಲ್ ಪಂದ್ಯಗಳೇ. ನಮ್ಮ ಕಾಲೇಜಿನ ಮೇಲೆ ಒಂದೂ ಕಟ್ಟಿಲ್ಲ. ನನ್ನ ಜೇಬಿನಿಂದ ಹೋಗಿದ್ದು 60 ಡಾಲರ್ ಅಷ್ಟೆ," ಅಂದ. ಅವೆರಡೂ ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್, ಅಮೆರಿಕನ್ ಫುಟ್‌ಬಾಲ್ ಲೀಗ್‌ಗಳು.

ನಾನು ಕೆಲಸ ಮಾಡುವುದು ಅಮೆರಿಕದ ಮಿಡ್‌ವೆಸ್ಟ್‌ನ ಒಂದು ವಿಶ್ವವಿದ್ಯಾಲಯದ ಕ್ರೀಡಾ ವಿಭಾಗದಲ್ಲಿ. ಆಟಗಾರರಿಗೆ ನಿಯಮ ತಿಳಿಸುವುದು, ಅವರು ನಿಯಮ ಮೀರಿದರೆ ಎನ್‌ಸಿಎಎಗೆ ವರದಿ ಮಾಡುವುದು ನನ್ನ ಪಾಲಿನ ಕೆಲಸ. ಎನ್‌ಸಿಎಎ ಅಂದರೆ ಇಲ್ಲಿನ ಕಾಲೇಜು ಕ್ರೀಡೆಗಳನ್ನು ನಡೆಸುವ ಸಂಸ್ಥೆ. ಹುಡುಗನ ಗುರುತು ಸಿಗದಂತೆ ಕೆಲವು ವಿವರ ಬದಲಿಸಿ ಬರೆಯುತ್ತಿದ್ದೇನೆ. ಅವನು ಬ್ಯಾಸ್ಕೆಟ್‌ಬಾಲ್ ಆಟಗಾರ, ಕೊನೆಯ ವರ್ಷ. 21 ತುಂಬಿತ್ತು, ಖಾತೆ ಅವನ ಹೆಸರಿನಲ್ಲೇ ಇತ್ತು. ರಾಜ್ಯದ ಕಾನೂನಿನ ಪ್ರಕಾರ ಅವನು ಯಾವ ಅಪರಾಧವನ್ನೂ ಮಾಡಿರಲಿಲ್ಲ. ಕಾಲೇಜು ಆಟಗಾರರು ಕ್ರೀಡಾ ಪಂದ್ಯಗಳ ಮೇಲೆ, ಅದು ವೃತ್ತಿಪರರ ಪಂದ್ಯವಾದರೂ, ಬೆಟ್ ಕಟ್ಟಬಾರದು ಎಂಬ ಎನ್‌ಸಿಎಎ ನಿಯಮ ಮಾತ್ರ ಮುರಿದಿದ್ದ.

ಇಬ್ಬರೂ ಸೇರಿ ಲೆಕ್ಕ ಹಾಕಿದೆವು. ಅವನು ಓದುತ್ತಾ ಹೋದ, ನಾನು ಬರೆಯುತ್ತಾ ಹೋದೆ. 60 ಡಾಲರ್ ಹಾಕಿದ್ದು ನಿಜ. ಗೆದ್ದಾಗ ಬಂದ ದುಡ್ಡನ್ನು ವಾಪಸ್ ತೆಗೆಯದೆ ಮತ್ತೆ ಕಟ್ಟಿದ್ದ. ಮತ್ತೆ ಗೆದ್ದು ಮತ್ತೆ ಕಟ್ಟಿದ್ದ. ಹೀಗೆ 112 ಬೆಟ್. ಕಟ್ಟಿದ ಮೊತ್ತವನ್ನೆಲ್ಲ ಕೂಡಿಸಿದರೆ 940 ಡಾಲರ್. ಅವನ ಮುಖ ಬಿಳಿಚಿಕೊಂಡಿತು. "ನನ್ನ ಹತ್ರ ಅಷ್ಟು ದುಡ್ಡೇ ಇರಲಿಲ್ವಲ್ಲ," ಅಂದ.

ಎಷ್ಟೋ ಜನ ಎಡವುವುದು ಇಲ್ಲೇ. ಶಿಕ್ಷೆಯ ಲೆಕ್ಕಕ್ಕೆ ಹಿಡಿಯುವುದು ನೀವು ಕಳೆದುಕೊಂಡ ದುಡ್ಡನ್ನಲ್ಲ, ಒಟ್ಟು ಕಟ್ಟಿದ ದುಡ್ಡನ್ನು. 2023ರ ಜೂನ್‌ನಲ್ಲಿ ಎನ್‌ಸಿಎಎ ತಂದ ಮಾರ್ಗಸೂಚಿಯಲ್ಲಿ ಇದಕ್ಕೆ ಮೆಟ್ಟಿಲುಗಳಿವೆ. ಒಟ್ಟು ಮೊತ್ತ 200 ಡಾಲರ್ ಒಳಗಿದ್ದರೆ ತಿಳಿವಳಿಕೆ ಪಾಠ ಸಾಕು. 500ರ ತನಕ ಸೀಸನ್‌ನ ಶೇ 10ರಷ್ಟು ಪಂದ್ಯ ಹೋಗುತ್ತವೆ. 800ರ ತನಕ ಶೇ 20. ಅದನ್ನು ದಾಟಿದರೆ ಶೇ 30ರಿಂದ ಶುರು. ಅವನ ತಂಡಕ್ಕೆ ಆ ವರ್ಷ 30 ಪಂದ್ಯಗಳಿದ್ದವು. ಅಂದರೆ ಕನಿಷ್ಠ 9 ಪಂದ್ಯ ಹೋದವು.

ಇದು ಬೇರೆಯವರ ಪಂದ್ಯದ ಮೇಲೆ ಕಟ್ಟಿದವರ ಮಾತಾಯಿತು. ತನ್ನದೇ ಪಂದ್ಯದ ಮೇಲೆ ಕಟ್ಟಿದರೆ, ಪಂದ್ಯದ ಗತಿ ಬದಲಿಸಲು ಹೋದರೆ, ಬೆಟ್ ಕಟ್ಟುವವರಿಗೆ ಒಳಗಿನ ಸುದ್ದಿ ಕೊಟ್ಟರೆ ಕಾಲೇಜು ಆಟ ಶಾಶ್ವತವಾಗಿ ಮುಗಿಯಬಹುದು. 2025ರ ಸೆಪ್ಟೆಂಬರ್‌ನಲ್ಲಿ ಫ್ರೆಸ್ನೊ ಸ್ಟೇಟ್ ಮತ್ತು ಸ್ಯಾನ್ ಹೋಸೆ ಸ್ಟೇಟ್ ವಿಶ್ವವಿದ್ಯಾಲಯಗಳ ಮೂವರು ಬ್ಯಾಸ್ಕೆಟ್‌ಬಾಲ್ ಆಟಗಾರರಿಗೆ ಆಗಿದ್ದು ಅದೇ. ಅವರಲ್ಲಿ ಒಬ್ಬ ತನ್ನದೇ ಆಟದ ಅಂಕಿಗಳನ್ನೂ ಸೇರಿಸಿ ಫ್ಯಾಂಟಸಿ ಆ್ಯಪ್‌ನಲ್ಲಿ 13 ಸಲ ಕಟ್ಟಿದ್ದ ಒಟ್ಟು ದುಡ್ಡು 454 ಡಾಲರ್. ಒಂದು ಪಂದ್ಯದಲ್ಲಿ ತಾನು ಬೇಕಂತಲೇ ಕಡಿಮೆ ಆಡುತ್ತೇನೆ ಎಂದು ಗೆಳೆಯನಿಗೆ ಮೆಸೇಜ್ ಮಾಡಿದ್ದೂ ಸಿಕ್ಕಿಬಿತ್ತು.

ಪ್ರತಿ ಆಗಸ್ಟ್‌ನಲ್ಲಿ ಹೊಸ ಆಟಗಾರರನ್ನು ಕೂರಿಸಿಕೊಂಡು ಇದನ್ನೆಲ್ಲ ಹೇಳುತ್ತೇನೆ. ಎಲ್ಲರೂ ಫಾರ್ಮ್‌ಗೆ ಸಹಿ ಹಾಕುತ್ತಾರೆ. ಆದರೆ ಬೆಟ್ ಎಂದರೇನು ಅನ್ನುವುದೇ ಹಲವರ ತಲೆಗೆ ಹೋಗಿರುವುದಿಲ್ಲ. ದುಡ್ಡೇ ಆಗಬೇಕೆಂದಿಲ್ಲ. ಬೆಲೆಬಾಳುವ ಏನೇ ಆದರೂ ಸಾಕು. ಸೋತವರು ಊಟ ಕೊಡಿಸಬೇಕು ಅಂತ ಒಪ್ಪಿಕೊಂಡರೂ ಅದು ಬೆಟ್ಟೇ. ಮಾರ್ಚ್‌ನಲ್ಲಿ ಬ್ಯಾಸ್ಕೆಟ್‌ಬಾಲ್ ಟೂರ್ನಿ ಬಂದಾಗ ಆಫೀಸು, ಹಾಸ್ಟೆಲ್ ಎಲ್ಲ ಕಡೆ ಯಾರು ಗೆಲ್ತಾರೆ ಅಂತ ಪಟ್ಟಿ ತುಂಬಿಸುತ್ತಾರಲ್ಲ, ಅದಕ್ಕೆ ತಲೆಗೆ 5 ಡಾಲರ್ ಹಾಕಿ ಗೆದ್ದವರಿಗೆ ಕೊಟ್ಟರೆ ಅದೂ ಅಷ್ಟೆ. ಈಜುಗಾರ್ತಿ ಫುಟ್‌ಬಾಲ್ ಮೇಲೆ ಕಟ್ಟಿದರೂ ನಿಯಮ ಅನ್ವಯಿಸುತ್ತದೆ.

ಸ್ವಲ್ಪ ಹಿಂದಕ್ಕೆ ಹೋಗಬೇಕು. 2018ರ ಮೇ ತಿಂಗಳ ತನಕ ಅಮೆರಿಕದ ಹೆಚ್ಚಿನ ರಾಜ್ಯಗಳಲ್ಲಿ ಕ್ರೀಡಾ ಬೆಟ್ಟಿಂಗ್‌ಗೆ ಅವಕಾಶವೇ ಇರಲಿಲ್ಲ. ಅದನ್ನು ತಡೆಹಿಡಿದಿದ್ದ ಕೇಂದ್ರ ಕಾನೂನನ್ನು ಸುಪ್ರೀಂ ಕೋರ್ಟ್ ಆ ತಿಂಗಳು ರದ್ದು ಮಾಡಿತು. ಆಮೇಲೆ ರಾಜ್ಯಗಳು ಒಂದೊಂದಾಗಿ ಬಾಗಿಲು ತೆರೆದವು. ಮೊದಲೆಲ್ಲ ಬುಕ್ಕಿಯನ್ನು ಹುಡುಕಿಕೊಂಡು ಹೋಗಬೇಕಿತ್ತು. ಈಗ ಬುಕ್ಕಿ ಜೇಬಿನಲ್ಲೇ ಇದ್ದಾನೆ. 2023ರಲ್ಲಿ ಎನ್‌ಸಿಎಎ ಮಾಡಿಸಿದ ಸಮೀಕ್ಷೆಯಲ್ಲಿ 18ರಿಂದ 22 ವಯಸ್ಸಿನವರಲ್ಲಿ ಶೇ 58 ಜನ ಒಮ್ಮೆಯಾದರೂ ಬೆಟ್ ಕಟ್ಟಿದ್ದಾಗಿ ಹೇಳಿದರು. ಪಕ್ಕದ ರೂಮಿನವನು ಮಾಡುವುದನ್ನು ಆಟಗಾರ ಮಾಡಬಾರದು ಎಂದರೆ ಅದು ಅವನಿಗೆ ಕಷ್ಟ. ಅದು ನನಗೂ ಗೊತ್ತು.

ಇನ್ನು ನನ್ನನ್ನು ಹೆಚ್ಚು ಕಾಡುವ ವಿಷಯಕ್ಕೆ ಬರುತ್ತೇನೆ. ಕನ್ನಡ ಕೂಟದ ಯುಗಾದಿ ಊಟದಲ್ಲಿ ಪ್ಲೇಟ್ ಹಿಡಿದು ಸಾಲಿನಲ್ಲಿ ನಿಂತಿದ್ದೆ. ಹಿಂದೆ ನಿಂತಿದ್ದ ಒಬ್ಬ ತಾಯಿ ಮಾತು ತೆಗೆದರು. ಅವರ ಮಗನಿಗೆ 20 ವರ್ಷ, ಬೇರೆ ಕಾಲೇಜಿನಲ್ಲಿ ಟೆನಿಸ್ ಆಡುತ್ತಾನೆ.

"ಮೇಡಂ, ನಿಮಗೆ ಇದೆಲ್ಲ ಗೊತ್ತಿರುತ್ತೆ ಅಂತ ಕೇಳ್ತಿದ್ದೀನಿ. 'ಅಮ್ಮಾ, ನಿನ್ನ ಹೆಸರಲ್ಲಿ ಒಂದು ಬೆಟ್ಟಿಂಗ್ ಖಾತೆ ತೆಗೆದುಕೊಡು' ಅಂತ ಮಗ ಪೀಡಿಸ್ತಿದ್ದಾನೆ. ನನ್ನ ಸೋಷಿಯಲ್ ಸೆಕ್ಯುರಿಟಿ ನಂಬರಿನ ಕೊನೇ ನಾಲ್ಕು ಅಂಕಿ ಬೇಕಂತೆ. ಅವನ ಫ್ರೆಂಡ್ಸ್ ಮನೇಲೆಲ್ಲ ಕೊಟ್ಟಿದ್ದಾರಂತೆ. ಸುಮ್ನೆ ಐದು ಹತ್ತು ಡಾಲರ್. ಇದು ಮನೆಯೊಳಗಿನ ವಿಷಯ, ಅಲ್ವಾ?"

"ಕೊಡಬೇಡಿ" ಅಂದೆ. ಯಾಕೆ ಅಂತ ಹೇಳುವಷ್ಟರಲ್ಲಿ ಇಬ್ಬರ ಪ್ಲೇಟಿನ ಒಬ್ಬಟ್ಟೂ ತಣ್ಣಗಾಗಿತ್ತು. ಅವರಿಗೆ ಹೇಳಿದ್ದು ಐಯೋವಾ ರಾಜ್ಯದ ಕಥೆ.

ಐಯೋವಾದಲ್ಲಿ ಕ್ರೀಡಾ ಬೆಟ್ಟಿಂಗ್ 2019ರಿಂದ ಕಾನೂನುಬದ್ಧ. ಆದರೆ 21 ತುಂಬಿರಬೇಕು. 2023ರ ಮೇ ತಿಂಗಳಲ್ಲಿ ಅಲ್ಲಿನ ಎರಡು ದೊಡ್ಡ ವಿಶ್ವವಿದ್ಯಾಲಯಗಳು, ಐಯೋವಾ ಮತ್ತು ಐಯೋವಾ ಸ್ಟೇಟ್, ತಮ್ಮ ಆಟಗಾರರ ಮೇಲೆ ತನಿಖೆ ನಡೆಯುತ್ತಿದೆ ಎಂದು ಹೇಳಿಕೆ ಕೊಟ್ಟವು. ಐಯೋವಾದಲ್ಲಿ 26 ಆಟಗಾರರು, ಐಯೋವಾ ಸ್ಟೇಟ್‌ನಲ್ಲಿ ಸುಮಾರು 15. ಫುಟ್‌ಬಾಲ್, ಕುಸ್ತಿ, ಬೇಸ್‌ಬಾಲ್, ಬ್ಯಾಸ್ಕೆಟ್‌ಬಾಲ್, ಓಟ, ಎಲ್ಲ ಆಟಗಳವರೂ ಇದ್ದರು. ಆಗಸ್ಟ್‌ನಲ್ಲಿ ಕೇಸುಗಳು ಬಿದ್ದವು.

ಆ ಕೇಸು ಯಾವುದರ ಮೇಲೆ ಬಿತ್ತು ಅನ್ನುವುದನ್ನು ತಂದೆ ತಾಯಂದಿರು ಗಮನಿಸಬೇಕು. ಬೆಟ್ ಕಟ್ಟಿದ್ದಕ್ಕೆ ಸಣ್ಣ ದಂಡ. ಆದರೆ ಬೇರೆಯವರ ಹೆಸರಿನ ಖಾತೆಯಲ್ಲಿ ಆಡಿ ತಾನು ಯಾರೆಂದು ಮರೆಮಾಚಿದ್ದಕ್ಕೆ ಹಾಕಿದ್ದು ದಾಖಲೆ ತಿರುಚಿದ ಆರೋಪ. ಇನ್ನೂ ಕೆಲವರ ಮೇಲೆ ಗುರುತು ಕಳವಿನ ಆರೋಪವನ್ನೂ ಹೊರಿಸಿದರು. ಮನೆಯವರ ಫೋನ್ ನಂಬರ್, ಮನೆಯವರ ಹೆಸರು ಪ್ರೀತಿಯಿಂದಲೇ ಸಿಕ್ಕಿರಬಹುದು. ಪೊಲೀಸರ ಕಾಗದದಲ್ಲಿ ಅದು ಸುಳ್ಳು ದಾಖಲೆ ಆಗುತ್ತದೆ.

ಐಯೋವಾ ಸ್ಟೇಟ್‌ನ ಕ್ವಾರ್ಟರ್‌ಬ್ಯಾಕ್ (ಫುಟ್‌ಬಾಲ್ ತಂಡದ ಆಟ ನಡೆಸುವವನು) ಮೇಲೆ ಬಂದ ದೂರಿನಲ್ಲಿ 366 ಬೆಟ್, ಒಟ್ಟು 2,799 ಡಾಲರ್ ಎಂದಿತ್ತು. ಭಾಗಿಸಿ ನೋಡಿ, ಒಂದು ಬೆಟ್‌ಗೆ 8 ಡಾಲರ್ ಕೂಡ ಇಲ್ಲ. ಅದರಲ್ಲಿ 26 ಬೆಟ್ ತನ್ನದೇ ವಿಶ್ವವಿದ್ಯಾಲಯದ ಆಟಗಳ ಮೇಲೆ. 2021ರಲ್ಲಿ ತಾನು ಬದಲಿ ಆಟಗಾರನಾಗಿ ಹೊರಗೆ ಕೂತಿದ್ದ ಒಂದು ಪಂದ್ಯವೂ ಅದರಲ್ಲಿ ಸೇರಿತ್ತು. ಕೊನೆಗೆ ಅವನು ವಯಸ್ಸಿಗೆ ಮುಂಚೆ ಜೂಜಾಡಿದ ತಪ್ಪು ಒಪ್ಪಿಕೊಂಡು 645 ಡಾಲರ್ ದಂಡ ಕಟ್ಟಿದ. ಕೋರ್ಟಿನ ಶಿಕ್ಷೆ ಅಷ್ಟೇ. ಆದರೆ ಆ ತಂಡಕ್ಕೆ ಅವನು ಮತ್ತೆ ಆಡಲೇ ಇಲ್ಲ. ಐಯೋವಾ ತಂಡದ ಇನ್ನೊಬ್ಬ ಫುಟ್‌ಬಾಲ್ ಆಟಗಾರ ಕೊನೆಯ ವರ್ಷವಿಡೀ ಹೊರಗೆ ಉಳಿದ. ಅವನು ಕಟ್ಟಿದ್ದು ತಮ್ಮದೇ ವಿಶ್ವವಿದ್ಯಾಲಯದ ಮಹಿಳಾ ಬ್ಯಾಸ್ಕೆಟ್‌ಬಾಲ್ ಪಂದ್ಯದ ಮೇಲೆ.

ಇದರ ಇನ್ನೊಂದು ಮಗ್ಗುಲನ್ನೂ ಹೇಳಲೇಬೇಕು. ಪೊಲೀಸರಿಗೆ ಇದೆಲ್ಲ ಸಿಕ್ಕಿದ್ದು ಹೇಗೆ? ಬೆಟ್ಟಿಂಗ್ ಆ್ಯಪ್‌ಗಳು ನೀವು ಯಾವ ರಾಜ್ಯದಲ್ಲಿದ್ದೀರಿ ಅಂತ ಪ್ರತಿ ಸಲ ಪರೀಕ್ಷೆ ಮಾಡುತ್ತವೆ. ಆ ಕೆಲಸ ಮಾಡಿಕೊಡುವುದು ಜಿಯೋಕಂಪ್ಲೈ ಎಂಬ ಕಂಪನಿ. ಅದರ ಸಾಫ್ಟ್‌ವೇರ್‌ನಲ್ಲಿ ತನಿಖಾಧಿಕಾರಿ ಹಾಸ್ಟೆಲ್ ಸುತ್ತ, ಆಟಗಾರರ ಕಟ್ಟಡಗಳ ಸುತ್ತ ಗೆರೆ ಎಳೆದು, ಒಳಗೆ ಯಾವ ಖಾತೆಗಳು ತೆರೆದಿವೆ ಎಂದು ನೋಡಿದ. ಕೋರ್ಟಿನ ವಾರಂಟ್ ಇರಲಿಲ್ಲ. ವಕೀಲರು ಇದನ್ನು ಹಿಡಿದು ವಾದ ಮಾಡಿದ ಮೇಲೆ, 2024ರ ಮಾರ್ಚ್‌ನಲ್ಲಿ ಇನ್ನೂ ಬಾಕಿ ಇದ್ದ ನಾಲ್ವರ ಮೇಲಿನ ಕೇಸುಗಳನ್ನು ಸರ್ಕಾರಿ ವಕೀಲರೇ ಕೈಬಿಟ್ಟರು. ಮರುತಿಂಗಳು ಆಟಗಾರರು ತನಿಖಾ ಸಂಸ್ಥೆಯ ಮೇಲೆಯೇ ಮೊಕದ್ದಮೆ ಹೂಡಿದರು. ಆ ತನಿಖೆ ಅನ್ಯಾಯವಾಗಿತ್ತು ಅಂತಲೇ ನನ್ನ ಅಭಿಪ್ರಾಯ. ಯಾರ ದೂರೂ ಇಲ್ಲದೆ ಹುಡುಗರ ಹಾಸ್ಟೆಲ್ ಸುತ್ತ ಗೆರೆ ಎಳೆಯುವುದು ಸರಿಯಲ್ಲ. ಆದರೆ ಕೇಸು ಬಿದ್ದುಹೋದರೂ ಕಳೆದುಹೋದ ಸೀಸನ್ ವಾಪಸ್ ಬರಲಿಲ್ಲ. ಎನ್‌ಸಿಎಎಗೆ ಕೋರ್ಟಿನ ಪುರಾವೆ ಬೇಕಿಲ್ಲ. ಕಟ್ಟಿದ್ದು ನಿಜವಾ ಅನ್ನುವುದಷ್ಟೇ ಅದಕ್ಕೆ ಬೇಕು.

ಆ ತಾಯಿ ಸುಮಾರು ಹೊತ್ತು ಸುಮ್ಮನಿದ್ದರು. ಆಮೇಲೆ "ಅವನು ಐಪಿಎಲ್ ಮೇಲೆ ಕಟ್ತೀನಿ, ಆರ್‌ಸಿಬಿ ಮ್ಯಾಚ್‌ಗೆ ಮಾತ್ರ ಅಂತಾನೆ. ಅದಕ್ಕೂ ಹೀಗೇನಾ?" ಅಂದರು.

ಒಳ್ಳೆಯ ಪ್ರಶ್ನೆ. ಎನ್‌ಸಿಎಎ ನಿಯಮ ತಾನು ಚಾಂಪಿಯನ್‌ಷಿಪ್ ನಡೆಸುವಂಥ ಆಟಗಳಿಗೆ ಮುಖ್ಯವಾಗಿ ಅನ್ವಯಿಸುತ್ತದೆ. ಕ್ರಿಕೆಟ್ ಆ ಪಟ್ಟಿಯಲ್ಲಿಲ್ಲ. ಆದ್ದರಿಂದ ನಿಯಮದ ಅಕ್ಷರ ನೋಡಿದರೆ ಆರ್‌ಸಿಬಿ ಮೇಲೆ ಕಟ್ಟಿದರೆ ಎನ್‌ಸಿಎಎ ಹಿಡಿಯುವುದಿಲ್ಲ. ಆದರೆ ಕಾಲೇಜು ತನ್ನದೇ ಗಟ್ಟಿ ನಿಯಮ ಮಾಡಿಕೊಂಡಿರಬಹುದು. ನಮ್ಮಲ್ಲಿ ಎಲ್ಲ ಆಟಗಳಿಗೂ ನಿಷೇಧ ಇದೆ. ಮತ್ತೆ 20 ವರ್ಷದವನು ಅಮ್ಮನ ಹೆಸರಿನಲ್ಲಿ ಕಟ್ಟಿದರೆ, ಅದು ಕ್ರಿಕೆಟ್ ಆದರೇನು, ಬ್ಯಾಸ್ಕೆಟ್‌ಬಾಲ್ ಆದರೇನು, ರಾಜ್ಯದ ಕಾನೂನು ಬಿಡುವುದಿಲ್ಲ. ಐಪಿಎಲ್ ಮುಗಿದ ಮೇಲೂ ಆ ಖಾತೆ ಅವನ ಫೋನಿನಲ್ಲೇ ಇರುತ್ತದೆ.

ಆಟಗಾರರಿಗೆ ನಾನು ಮತ್ತೆ ಮತ್ತೆ ಹೇಳುವ ಇನ್ನೊಂದು ಮಾತಿದೆ. "ನಾಳೆ ಅವನು ಆಡ್ತಾನಾ?" ಅಂತ ಯಾರಾದರೂ ಕೇಳಿದರೆ ಉತ್ತರ ಕೊಡಬೇಡಿ. ಗೆಳೆಯನೇ ಕೇಳಲಿ, ಅಣ್ಣನೇ ಕೇಳಲಿ. ಪಾದ ಉಳುಕಿದೆ ಅನ್ನುವ ಒಂದು ಮಾತಿಗೆ ಬೆಟ್ಟಿಂಗ್ ಮಾರುಕಟ್ಟೆಯಲ್ಲಿ ಬೆಲೆ ಇದೆ. 2023ರ ಏಪ್ರಿಲ್‌ನಲ್ಲಿ ಅಲಬಾಮಾ ಬೇಸ್‌ಬಾಲ್ ತಂಡದ ಕೋಚ್, ತಮ್ಮ ಮುಖ್ಯ ಪಿಚರ್, ಅಂದರೆ ಚೆಂಡು ಎಸೆಯುವವನು, ಆ ದಿನ ಆಡುವುದಿಲ್ಲ ಎಂದು ಒಬ್ಬನಿಗೆ ಮೊದಲೇ ತಿಳಿಸಿದ. ಸುದ್ದಿ ಸಿಕ್ಕ ಆ ವ್ಯಕ್ತಿ ಸಿನ್ಸಿನಾಟಿಯ ಸ್ಟೇಡಿಯಂನ ಬೆಟ್ಟಿಂಗ್ ಕೌಂಟರ್‌ಗೆ ಹೋಗಿ ಎದುರಾಳಿಯ ಮೇಲೆ 1 ಲಕ್ಷ ಡಾಲರ್ ಕಟ್ಟಲು ನೋಡಿದ. ಕಾಲೇಜು ಬೇಸ್‌ಬಾಲ್ ಮೇಲೆ ಯಾರೂ ಅಷ್ಟು ಕಟ್ಟುವುದಿಲ್ಲ, ಕೌಂಟರ್‌ನವರಿಗೆ ಅನುಮಾನ ಬಂತು. ಒಂದು ವಾರದೊಳಗೆ ಕೋಚ್ ಕೆಲಸ ಹೋಯಿತು.

ಈಚೆಗೆ ಒಂದು ಗೊಂದಲವೂ ಸೇರಿಕೊಂಡಿದೆ. ವೃತ್ತಿಪರ ಪಂದ್ಯಗಳ ಮೇಲೆ ಕಟ್ಟಲು ಆಟಗಾರರಿಗೆ ಬಿಡಬಹುದು ಎಂದು 2025ರ ಅಕ್ಟೋಬರ್‌ನಲ್ಲಿ ಎನ್‌ಸಿಎಎ ಒಪ್ಪಿತು. ಜಾರಿಗೆ ಬರುವ ಮೊದಲೇ, ನವೆಂಬರ್‌ನಲ್ಲಿ, ದೊಡ್ಡ ಕಾಲೇಜುಗಳೇ ಮತ ಹಾಕಿ ಅದನ್ನು ವಾಪಸ್ ತೆಗೆದವು. ಅಕ್ಟೋಬರ್‌ನ ಸುದ್ದಿ ಓದಿದವರೆಲ್ಲ ನವೆಂಬರ್‌ನ ಸುದ್ದಿ ಓದಲಿಲ್ಲ. ಆ ಚಳಿಗಾಲದಲ್ಲಿ ನನ್ನ ಆಫೀಸಿಗೆ ಬಂದ ಫೋನ್ ಕರೆಗಳಲ್ಲಿ ಜಾಸ್ತಿ ಇದೇ. ನಿಷೇಧ ಹಾಗೇ ಇದೆ.

ಇನ್ನು ನನ್ನ ಬ್ಯಾಸ್ಕೆಟ್‌ಬಾಲ್ ಹುಡುಗ. ತಾನಾಗಿ ಬಂದು ಹೇಳಿದ್ದು ಒಳ್ಳೆಯದಾಯಿತು. ಯಾರೋ ಹಿಡಿದುಕೊಟ್ಟು, ಆಮೇಲೆ ನಾವು ಕೇಳಿದಾಗ ಸುಳ್ಳು ಹೇಳಿದ್ದರೆ ಅದೇ ಬೇರೆ ಅಪರಾಧ ಆಗುತ್ತಿತ್ತು. ಮೊದಲು ನಾವೇ ಅವನನ್ನು ಆಟದಿಂದ ಹೊರಗಿಟ್ಟೆವು. ಆ್ಯಪ್‌ನ ಪೂರ್ತಿ ದಾಖಲೆ, ಬ್ಯಾಂಕ್ ಸ್ಟೇಟ್‌ಮೆಂಟ್, ಅವನದೇ ಕೈಬರಹದ ಹೇಳಿಕೆ, ಎಲ್ಲ ಸೇರಿಸಿ ಎನ್‌ಸಿಎಎಗೆ ಕಳಿಸಬೇಕಿತ್ತು. ಹೇಳಿಕೆಯನ್ನು ಮೂರು ಸಲ ಬರೆದ. ಮೊದಲನೆಯದರಲ್ಲಿ ಎಲ್ಲರೂ ಆಡ್ತಾರೆ ಎಂದಿತ್ತು. ಎರಡನೆಯದರಲ್ಲಿ ನಿಯಮ ಗೊತ್ತಿರಲಿಲ್ಲ ಎಂದಿತ್ತು. ಅವನು ಆಗಸ್ಟ್‌ನಲ್ಲಿ ಸಹಿ ಹಾಕಿದ್ದ ಫಾರ್ಮ್ ತೆಗೆದು ಮುಂದಿಟ್ಟೆ. ಅದನ್ನು ನೋಡಿ, ಏನೂ ಮಾತಾಡದೆ, ಹಾಳೆ ತಿರುಗಿಸಿ ಮೂರನೆಯದನ್ನು ಬರೆದ. ಅದರಲ್ಲಿ ನಾಲ್ಕೇ ಸಾಲು ಇತ್ತು.

ಪ್ರಾಕ್ಟೀಸ್‌ಗೆ ಬಿಟ್ಟರು, ಪಂದ್ಯಕ್ಕೆ ಬಿಡಲಿಲ್ಲ. ಮನೆಯ ಮೈದಾನದ ಪಂದ್ಯಗಳಲ್ಲಿ ಬೆಂಚಿನ ತುದಿಯಲ್ಲಿ ಸ್ವೆಟರ್ ಹಾಕಿಕೊಂಡು ಕೂರುತ್ತಿದ್ದ. ನೀರಿನ ಬಾಟಲಿ ಎತ್ತಿಕೊಡುತ್ತಿದ್ದ. ಅವನ ಅಪ್ಪ ಅಮ್ಮ ಎರಡು ಗಂಟೆ ಕಾರು ಓಡಿಸಿಕೊಂಡು ಪ್ರತಿ ಸಲವೂ ಬಂದರು, ಮಗ ಆಡುವುದಿಲ್ಲ ಅಂತ ಗೊತ್ತಿದ್ದೂ. ಒಂಬತ್ತನೇ ಪಂದ್ಯ ಮುಗಿದ ರಾತ್ರಿ ಹನ್ನೊಂದಕ್ಕೆ ನನಗೆ ಮೆಸೇಜ್ ಬಂತು. "ನಾಳೆ ಜರ್ಸಿ ತಗೋಬಹುದಾ? ನನ್ನ ಕಡೆಯಿಂದ ಇನ್ನೂ ಯಾವುದಾದರೂ ಪೇಪರ್ ಬಾಕಿ ಇದೆಯಾ?"

ಎದ್ದು ಲ್ಯಾಪ್‌ಟಾಪ್ ತೆರೆದು ಇನ್ನೊಂದು ಸಲ ನೋಡಿದೆ. ಯಾವುದೂ ಬಾಕಿ ಇರಲಿಲ್ಲ.