ಮೊರದಿಂದ ಕೋಳಿಗೆ ಹೋದ ವಿಟಮಿನ್

ಕಳೆದ ಸಲ ಊರಿಗೆ ಹೋದಾಗ ಚಿಕ್ಕಮ್ಮ ಜಗಲಿಯಲ್ಲಿ ಮೊರ ಇಟ್ಟುಕೊಂಡು ಸೊಸೈಟಿ ಅಕ್ಕಿ ಹಸನು ಮಾಡುತ್ತಿದ್ದರು. ಕಲ್ಲು, ನೆಲ್ಲು ಒಂದು ಕಡೆ. ಒಂದೇ ಅಚ್ಚಿನಲ್ಲಿ ತೆಗೆದಂತಿದ್ದ, ತುಸು ಹಳದಿ ಕಾಳುಗಳು ಇನ್ನೊಂದು ಕಡೆ. “ಪ್ಲಾಸ್ಟಿಕ್ ಅಕ್ಕಿ ಕಣೋ. ನೀರಿಗೆ ಹಾಕಿದ್ರೆ ತೇಲುತ್ತೆ ನೋಡು” ಅಂದವರೇ ಅಷ್ಟನ್ನೂ ಕೋಳಿಗಳಿಗೆ ಎರಚಿದರು.

ಅದು ಪ್ಲಾಸ್ಟಿಕ್ ಅಲ್ಲ, ಸಾರವರ್ಧಿತ ಅಕ್ಕಿಯ ಕಾಳು. ಅಕ್ಕಿ ಹಿಟ್ಟಿಗೆ ಕಬ್ಬಿಣ, ಫೋಲಿಕ್ ಆಮ್ಲ, ವಿಟಮಿನ್ ಬಿ12 ಬೆರೆಸಿ, ಶಾವಿಗೆ ಒತ್ತಿದ ಹಾಗೆ ಯಂತ್ರದಲ್ಲಿ ಒತ್ತಿ, ಅಕ್ಕಿಯ ಆಕಾರಕ್ಕೆ ಕತ್ತರಿಸಿರುತ್ತಾರೆ. ಸುಮಾರು 100 ಕಾಳಿಗೆ ಇಂಥದ್ದೊಂದು. ಒತ್ತಿದ ಹಿಟ್ಟು ಅಕ್ಕಿಯಷ್ಟು ಗಟ್ಟಿ ಇರುವುದಿಲ್ಲ, ಅದಕ್ಕೇ ಕೆಲವು ತೇಲುತ್ತವೆ. ಆವತ್ತು ಚಿಕ್ಕಮ್ಮನ ಕೋಳಿಗಳಿಗೆ ಒಳ್ಳೇ ಊಟ.

ಕಬ್ಬಿಣದ ಕತೆ ಎಲ್ಲರಿಗೂ ಗೊತ್ತು, ಬಿಡಿ. ನನಗೆ ಅಚ್ಚರಿ ಫೋಲಿಕ್ ಆಮ್ಲದ್ದು.

ಗರ್ಭ ನಿಂತ ಮೂರನೇ ವಾರದಲ್ಲಿ ಭ್ರೂಣ ಒಂದು ಪುಟ್ಟ ಹಾಳೆಯಂತಿರುತ್ತದೆ. ಅದರ ಬೆನ್ನಿನ ಭಾಗ ಮಡಿಚಿಕೊಳ್ಳಲು ಶುರುವಾಗುತ್ತದೆ. ಕರಿಗಡುಬಿಗೆ ಹೂರಣ ಇಟ್ಟು ಎರಡು ಅಂಚು ಕೂಡಿಸಿ ಒತ್ತುತ್ತೇವಲ್ಲ, ಹಾಗೆ. ನಡುವೆ ಮೊದಲು ಕೂಡಿಕೊಂಡು, ಆಮೇಲೆ ಎರಡು ಜಿಪ್ ಎಳೆದಂತೆ ಒಂದು ತಲೆಯ ಕಡೆಗೆ, ಇನ್ನೊಂದು ಸೊಂಟದ ಕಡೆಗೆ ಮುಚ್ಚುತ್ತಾ ಹೋಗುತ್ತದೆ. ಹೀಗೆ ಆದ ಕೊಳವೆಯೇ ಮುಂದೆ ಮಿದುಳು, ಬೆನ್ನುಹುರಿ. 28ನೇ ದಿನದ ಹೊತ್ತಿಗೆ ಕೆಲಸ ಪೂರ್ತಿ. ಅಂಚು ಸರಿಯಾಗಿ ಕೂಡದಿದ್ದರೆ ಕಡುಬು ಎಣ್ಣೆಯಲ್ಲಿ ಬಾಯಿ ಬಿಡುತ್ತದೆ. ಇಲ್ಲಿ ಬೆನ್ನುಹುರಿಯೇ ತೆರೆದುಕೊಂಡಿರುತ್ತದೆ. ಅದೇ ಸ್ಪೈನಾ ಬೈಫಿಡಾ.

ಈ ಮಡಿಕೆಗೆ ಜೀವಕೋಶಗಳು ಸರಸರ ಹುಟ್ಟಬೇಕು. ಪ್ರತಿ ಕೋಶಕ್ಕೂ ಹೊಸ ಡಿಎನ್‌ಎ ಬೇಕು. ಫೋಲಿಕ್ ಆಮ್ಲ ಅಲ್ಲಿ ಇಟ್ಟಿಗೆ ಹೊತ್ತು ಕೊಡುವ ಆಳು. ಮೇಸ್ತ್ರಿ ಎಷ್ಟೇ ಜಾಣನಾದರೂ ಆಳು ಬರದಿದ್ದರೆ ಗೋಡೆ ಏಳಲ್ಲ, ಅಲ್ವಾ?

ಈ ಆಳನ್ನು ಹುಡುಕುವ ಕೆಲಸ ಶುರುವಾಗಿದ್ದು ನಮ್ಮ ಮುಂಬೈಯಲ್ಲಿ. 1928ರಲ್ಲಿ ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ ಬಂದು, ಬಟ್ಟೆ ಗಿರಣಿಗಳ ಬಸುರಿಯರನ್ನು ಕಾಡುತ್ತಿದ್ದ ರಕ್ತಹೀನತೆಯ ಬೆನ್ನು ಹತ್ತಿದರು. ಮಾರ್ಮೈಟ್ ಎಂಬ ಯೀಸ್ಟ್ ಸಾರ ಕೊಟ್ಟು ಗುಣಪಡಿಸಿ, 1931ರಲ್ಲಿ ಪ್ರಕಟಿಸಿದರು. ಒಳಗಿನ ವಸ್ತು ಯಾವುದು ಅಂತ ಆಗ ತಿಳಿದಿರಲಿಲ್ಲ. ಹತ್ತು ವರ್ಷದ ನಂತರ ಅಮೆರಿಕದಲ್ಲಿ ಟನ್‌ಗಟ್ಟಲೆ ಪಾಲಕ್ ಸೊಪ್ಪಿನಿಂದ ಅದನ್ನು ಬೇರ್ಪಡಿಸಿ, ಲ್ಯಾಟಿನ್‌ನಲ್ಲಿ ಎಲೆಗೆ ಇರುವ ‘ಫೋಲಿಯಂ’ ಎಂಬ ಹೆಸರಿನಿಂದಲೇ ಫೋಲಿಕ್ ಆಮ್ಲ ಅಂತ ಕರೆದರು. ಬೆನ್ನುಹುರಿ ಸರಿಯಾಗಿ ಮುಚ್ಚದ ಮಗು ಒಮ್ಮೆ ಹುಟ್ಟಿದ್ದ ತಾಯಂದಿರು ಮುಂದಿನ ಗರ್ಭಕ್ಕೆ ಮೊದಲೇ ಇದನ್ನು ತೆಗೆದುಕೊಂಡರೆ, ಮತ್ತೆ ಹಾಗಾಗುವುದನ್ನು 72% ತಡೆಯಬಹುದು ಅಂತ 1991ರಲ್ಲಿ ದೊಡ್ಡ ಪ್ರಯೋಗವೊಂದು ತೋರಿಸಿತು.

ಇಷ್ಟೆಲ್ಲ ಗೊತ್ತಿದ್ದೂ ಅಂಥ ಮಗು ಹುಟ್ಟಿದರೆ ನಮ್ಮಲ್ಲಿ ಬೈಗುಳ ಗ್ರಹಣಕ್ಕೆ. “ಅವತ್ತು ಹೊರಗೆ ಬಂದಿದ್ದಳು, ತರಕಾರಿ ಹೆಚ್ಚಿದ್ದಳು.” ಚಂದ್ರನಿಗೂ ಕಡುಬಿನ ಅಂಚಿಗೂ ಎತ್ತಣ ಸಂಬಂಧ?

ಈಗ ದಿನ ಎಣಿಸಿ ನೋಡಿ. 28 ದಿನ ಅಂದರೆ ಮುಟ್ಟು ತಪ್ಪಿ ಬರೀ ಎರಡು ವಾರ. ಆಗಿನ್ನೂ ಎಷ್ಟೋ ಜನ “ಬಿಸಿಲಿಗೆ ಹಂಗಾಗಿರಬೇಕು” ಅಂತ ಸುಮ್ಮನಿರುತ್ತಾರೆ. ಆಮೇಲೆ ಆಶಾ ಕಾರ್ಯಕರ್ತೆ ಬಂದು, ತಾಯಿ ಕಾರ್ಡ್ ಬರೆದು, ಕಬ್ಬಿಣ-ಫೋಲಿಕ್ ಆಮ್ಲದ ಮಾತ್ರೆ ಕೈಗೆ ಸಿಗುವಷ್ಟರಲ್ಲಿ ಜಿಪ್ ಎಳೆದು ಮುಗಿದಿರುತ್ತದೆ. ಆ ಮಾತ್ರೆ ರಕ್ತಕ್ಕೆ ಬೇಕೇ ಬೇಕು, 180 ದಿನ ಬಿಡದೆ ನುಂಗಬೇಕು. ಬೆನ್ನುಹುರಿಗೆ ಮಾತ್ರ ತಡವಾಯಿತು.

ಸೊಸೈಟಿ ಅಕ್ಕಿಯ ಉಪಾಯ ನನಗೆ ಇಷ್ಟವಾಗುವುದು ಇದಕ್ಕೇ. ಬಸುರಿ ಹೌದೋ ಅಲ್ಲವೋ ಅಂತ ಅದು ಕೇಳುವುದಿಲ್ಲ. ಹಾಗಂತ ಅದೊಂದೇ ಸಾಲದು. ಒಂದು ಕೆಜಿಯಲ್ಲಿರುವ ಫೋಲಿಕ್ ಆಮ್ಲ 75ರಿಂದ 125 ಮೈಕ್ರೋಗ್ರಾಂ. ಮಗು ಬೇಕೆನ್ನುವವರಿಗೆ ದಿನಕ್ಕೆ 400 ಬೇಕು. ಗಂಜಿ ಬಸಿದು ಚೆಲ್ಲಿದರೆ ಇನ್ನೂ ಕಡಿಮೆ. ಹಾಗಾಗಿ ಮಾತ್ರೆ ತಾಯಿ ಕಾರ್ಡಿನ ಜೊತೆಗಲ್ಲ, ಮದುವೆ ಊಟದ ತಾಂಬೂಲದ ಜೊತೆಗೇ ಹೋಗಬೇಕು ಅನ್ನುವುದು ನನ್ನ ವಾದ.

ಚಿಕ್ಕಮ್ಮನ ಸೊಸೆ ಬಂದು ಆರು ತಿಂಗಳಾಗಿದೆ. ಅವಳಿಗೆ ಈಗಿಂದಲೇ ಫೋಲಿಕ್ ಮಾತ್ರೆ ಕೊಡಿಸಿ ಅಂದೆ. ಚಿಕ್ಕಮ್ಮ ಮೊರ ಕೆಳಗಿಟ್ಟು ದನಿ ತಗ್ಗಿಸಿದರು. “ಇನ್ನೂ ಏನೂ ಇಲ್ವಲ್ಲೋ. ಈಗ್ಲೇ ತಗೊಂಡ್ರೆ ನೋಡಿದೋರು ಏನಂತಾರೆ?”