ಭೂಮಿಗೆ ಹತ್ತಿರದ ಗ್ರಹ ಶುಕ್ರ ಅಂತ ಹೇಳಿಕೊಟ್ಟವರು ಯಾರು?

ವರ್ಲಿಯ ನೆಹರು ತಾರಾಲಯ ನೋಡಿಕೊಂಡು ಬರುವ ನಮ್ಮ ಮಾಟುಂಗಾ, ಡೊಂಬಿವಲಿ ಕಡೆಯ ಕನ್ನಡದ ಮಕ್ಕಳನ್ನು ಕೇಳಿ ನೋಡಿ, ಭೂಮಿಗೆ ಹತ್ತಿರದ ಗ್ರಹ ಯಾವುದು ಅಂತ. ಎಲ್ಲರೂ ಶುಕ್ರ ಅನ್ನುತ್ತಾರೆ. ಅವರ ಅಪ್ಪ ಅಮ್ಮ ಓದಿದ್ದೂ ಅದನ್ನೇ. ಆದರೆ ಸರಾಸರಿ ತೆಗೆದರೆ ನಮಗೆ ಹತ್ತಿರ ಇರುವುದು ಬುಧ. ಶುಕ್ರನ ಹೆಸರೇ ಉಳಿದುಕೊಂಡಿದ್ದಕ್ಕೆ ಕಾರಣ ನಾವು ದೂರ ಅಳೆದ ರೀತಿ.

ಖಗೋಳಶಾಸ್ತ್ರಜ್ಞ ಕೆಪ್ಲರ್ 1619ರಲ್ಲಿ ತನ್ನ ಮೂರನೇ ನಿಯಮ ಪ್ರಕಟಿಸಿದ. ಗ್ರಹ ಸೂರ್ಯನನ್ನು ಸುತ್ತಲು ತೆಗೆದುಕೊಳ್ಳುವ ಕಾಲ ಗೊತ್ತಿದ್ದರೆ ಅದರ ದೂರದ ಪ್ರಮಾಣ ಸಿಗುತ್ತದೆ ಅನ್ನೋದು ಅದು. ಸೂರ್ಯನಿಂದ ಭೂಮಿಗೆ 1 ಅಂತಿಟ್ಟುಕೊಂಡರೆ ಶುಕ್ರ 0.72, ಬುಧ 0.39. ಕಿಲೋಮೀಟರಿನಲ್ಲಿ ಎಷ್ಟು ಅನ್ನೋದು ಮಾತ್ರ ಸರಿಯಾಗಿ ಗೊತ್ತಿರಲಿಲ್ಲ. ಎರಡು ಊರಿಂದ ನೋಡಿದಾಗ ಗ್ರಹ ಎಷ್ಟು ಸರಿದಂತೆ ಕಾಣುತ್ತದೆ ಅಂತ ಅಳೆಯಬೇಕು, ಅದು ದೂರದಲ್ಲಿದ್ದರೆ ಆ ವ್ಯತ್ಯಾಸ ಕಣ್ಣಿಗೇ ಸಿಗಲ್ಲ, ಹಾಗಾಗಿ ಹತ್ತಿರ ಬರುವವರೆಗೂ ಕಾಯಲೇಬೇಕು. ಒಂದು ಗ್ರಹದ ದೂರ ಸಿಕ್ಕರೆ ಉಳಿದದ್ದೆಲ್ಲ ಆ ಪ್ರಮಾಣದಿಂದಲೇ ಬರುತ್ತದೆ. 1672ರಲ್ಲಿ ಮಂಗಳ ಹತ್ತಿರ ಬಂದಾಗ ಖಗೋಳಶಾಸ್ತ್ರಜ್ಞರಾದ ಕ್ಯಾಸಿನಿ ಪ್ಯಾರಿಸ್‌ನಿಂದ, ರಿಶೇರ್ ದಕ್ಷಿಣ ಅಮೆರಿಕದ ಕಯೆನ್‌ನಿಂದ ನೋಡಿದರು. ಸೂರ್ಯನ ದೂರ ಸುಮಾರು 14 ಕೋಟಿ ಕಿ.ಮೀ. ಅಂತ ಬಂತು. ನಿಜವಾದ ದೂರ 15 ಕೋಟಿಗೆ ಸ್ವಲ್ಪ ಕಮ್ಮಿ.

1761ರಲ್ಲಿ ಮತ್ತು 1769ರಲ್ಲಿ ಶುಕ್ರ ಸೂರ್ಯನ ಮುಂದೆ ಹಾದುಹೋಯಿತು. ದೂರ ಅಳೆಯಲು ಅದೂ ಒಂದು ಅವಕಾಶ. ಅದನ್ನು ನೋಡಲು ಫ್ರಾನ್ಸಿನ ಖಗೋಳಶಾಸ್ತ್ರಜ್ಞ ಲೆ ಜಾಂಟಿಲ್ ಪಾಂಡಿಚೇರಿಗೆ ಹೊರಟ. ತಲುಪುವಷ್ಟರಲ್ಲಿ ಊರು ಇಂಗ್ಲಿಷರ ಕೈಸೇರಿತ್ತು, ಅಲುಗಾಡುವ ಹಡಗಿನ ಮೇಲೆ ಅಳತೆ ಆಗಲಿಲ್ಲ. ಮನೆಗೆ ಹೋಗದೆ ಎಂಟು ವರ್ಷ ಈ ಕಡೆಯೇ ಉಳಿದು, ಕೊನೆಗೂ ಪಾಂಡಿಚೇರಿಯಲ್ಲಿ ದುರ್ಬೀನು ಹೂಡಿ ಕಾದ. ಆ ಬೆಳಗ್ಗೆ ಮೋಡ ಕವಿಯಿತು. ಓದಿದರೆ ಈಗಲೂ ಹೊಟ್ಟೆ ಉರಿಯುತ್ತದೆ, ಅಲ್ವಾ?

1961ರಲ್ಲಿ ದೂರ ಅಳೆಯಲು ಶುಕ್ರನಿಗೆ ರೇಡಾರಿನ ರೇಡಿಯೋ ಅಲೆ ತಾಗಿಸಿ ಮರಳಿ ಹಿಡಿದದ್ದೂ ಅದು ಹತ್ತಿರ ಬಂದಾಗಲೇ. ಹೀಗೆ ಮುನ್ನೂರು ವರ್ಷ ನಾವು ಗ್ರಹಗಳನ್ನು ಹತ್ತಿರ ಬಂದ ಹೊತ್ತಿನಲ್ಲೇ ಹಿಡಿದು ಅಳೆದಿದ್ದೇವೆ. ಪುಸ್ತಕಗಳೂ 1ರಲ್ಲಿ 0.72 ಕಳೆದು, ಶುಕ್ರ ಸುಮಾರು 4.1 ಕೋಟಿ ಕಿ.ಮೀ. ಅಂತ ಬರೆದು ಸುಮ್ಮನಾದವು. ಅದೇ ಶುಕ್ರ ಸೂರ್ಯನ ಆಚೆ ಬದಿಗೆ ಹೋದಾಗ ಸುಮಾರು 26 ಕೋಟಿ ಕಿ.ಮೀ. ದೂರ!

ದಾದರ್‌ನ ಶಿವಾಜಿ ಪಾರ್ಕಿನ ಕಟ್ಟೆ ಪಕ್ಕ ನೀವು ಸುತ್ತು ಹಾಕುತ್ತಿದ್ದೀರಿ ಅನ್ನಿ. ಸ್ವಲ್ಪ ಒಳಗೆ ಬೇರೆ ವೇಗದಲ್ಲಿ, ಶುಕ್ರನ ಹಾಗೆ, ಸುತ್ತುವವರು ಒಮ್ಮೆ ಮಾತಿಗೆ ಸಿಗುತ್ತಾರೆ, ಆಮೇಲೆ ಮೈದಾನದ ಆಚೆ ತುದಿಯಲ್ಲಿರುತ್ತಾರೆ. ಮೈದಾನದ ನಡುವೆ, ಬುಧನ ಹಾಗೆ, ಸಣ್ಣ ಸುತ್ತು ಹಾಕುವವರು ಅಷ್ಟು ಹತ್ತಿರವೂ ಬರಲ್ಲ, ಅಷ್ಟು ದೂರವೂ ಹೋಗಲ್ಲ.

2019ರಲ್ಲಿ ಸ್ಟಾಕ್‌ಮನ್, ಮನ್ರೋ, ಕಾರ್ಡ್‌ನರ್ ಅನ್ನುವ ಮೂವರು ಫಿಸಿಕ್ಸ್ ಟುಡೇ ಪತ್ರಿಕೆಯಲ್ಲಿ ಈ ಲೆಕ್ಕ ಬರೆದರು. ಕಕ್ಷೆಗಳು ದುಂಡಗಿವೆ ಅಂತ ಇಟ್ಟುಕೊಂಡು ಲೆಕ್ಕ ಹಾಕಿ, ಹತ್ತು ಸಾವಿರ ವರ್ಷಗಳ ಗ್ರಹಗಳ ಓಡಾಟವನ್ನು ಕಂಪ್ಯೂಟರಿನಲ್ಲಿ ಓಡಿಸಿ ತಾಳೆ ನೋಡಿದರು. ನೀವೂ ಸುಮಾರಾಗಿ ಮಾಡಬಹುದು. ಬುಧನ 0.39ರ ವರ್ಗ 0.15, ಅದನ್ನು 4ರಿಂದ ಭಾಗಿಸಿ 1ಕ್ಕೆ ಸೇರಿಸಿದರೆ 1.04. ಶುಕ್ರನಿಗೂ ಹಾಗೇ ಮಾಡಿದರೆ 1.13. ಇವನ್ನು ಸೂರ್ಯನ ದೂರದಿಂದ ಗುಣಿಸಿದರೆ ಬುಧ ಸರಾಸರಿ 15.5 ಕೋಟಿ ಕಿ.ಮೀ., ಶುಕ್ರ 17 ಕೋಟಿ. ಮಂಗಳ 25 ಕೋಟಿಗೂ ಜಾಸ್ತಿ.

ರಾಕೆಟ್ ಹಾರಿಸುವವರಿಗೆ ಹತ್ತಿರ ಬರುವ ಹೊತ್ತೇ ಮುಖ್ಯ, ಆ ಅಂಕಿ ಬೇಡ ಅಂತ ನಾನು ಹೇಳಲ್ಲ. ಮಕ್ಕಳ ಪುಸ್ತಕದಲ್ಲಿ ಎರಡೂ ಇರಲಿ. ನೆಪ್ಚೂನಿನ ಕಥೆಯೂ ಇದೇ: ಸರಾಸರಿ ನೋಡಿದರೆ ಅದಕ್ಕೂ ಹತ್ತಿರದ ಗ್ರಹ ಯುರೇನಸ್ ಅಲ್ಲ, ಬುಧ.