ಮನೋರೋಗ ಮತ್ತು ಹಿಂಸೆ: ಜನರ ಭಯವೆಷ್ಟು, ಅಧ್ಯಯನದ ಲೆಕ್ಕವೆಷ್ಟು

ಕ್ಷೇತ್ರಕಾರ್ಯಕ್ಕೆಂದು ಆಳಂದ, ಅಫಜಲಪುರ ತಾಲ್ಲೂಕಿನ ಹಳ್ಳಿಗಳಿಗೆ ಹೋಗುವ ನಮಗೆ ಮನೋರೋಗಿಯೊಬ್ಬನ ಬಗ್ಗೆ ಪದೇಪದೇ ಕೇಳಿಸುವ ಎಚ್ಚರಿಕೆ: "ಅವನ ಹತ್ತಿರ ಹೋಗಬೇಡಿ, ಹೊಡೆದಾನು." ಅವನು ಹೊಡೆದದ್ದನ್ನು ನೋಡಿದವರು ಯಾರೆಂದು ವಿಚಾರಿಸಿದರೆ ಉತ್ತರ ಸಿಗುವುದು ಅಪರೂಪ. ಜನರಿಗೆ ಭಯವೆಷ್ಟು, ಆ ಭಯದಲ್ಲಿ ನಿಜವೆಷ್ಟು ಎಂಬುವು ಎರಡು ಪ್ರಶ್ನೆಗಳು, ಬೇರೆಬೇರೆಯಾಗಿಯೇ ಓದಿಕೊಳ್ಳಿ.

ಮೊದಲನೆಯದಕ್ಕೆ ಅಮೆರಿಕದ 1996ರ ಸಮೀಕ್ಷೆಯೊಂದು ಆಧಾರ. ರೋಗದ ಹೆಸರು ಹೇಳದೆ ವ್ಯಕ್ತಿಯೊಬ್ಬನ ಲಕ್ಷಣಗಳನ್ನಷ್ಟೇ ವಿವರಿಸಿ, ಇವನು ಇತರರ ಮೇಲೆ ಕೈಮಾಡುವ ಸಂಭವವಿದೆಯೇ ಎಂದು ಕೇಳಿದ್ದರು. ಇಲ್ಲದ ದನಿ ಕೇಳಿಸುವ, ಭ್ರಮೆಗಳು ಕಾಡುವ ತೀವ್ರ ಮನೋರೋಗವಾದ ಸ್ಕಿಜೋಫ್ರೇನಿಯಾದ ಲಕ್ಷಣಗಳಿಗೆ ಶೇ 61ರಷ್ಟು, ಖಿನ್ನತೆಗೆ ಶೇ 33ರಷ್ಟು ಜನ ಸಂಭವವಿದೆ ಎಂದರು.

ಎರಡನೆಯ ಪ್ರಶ್ನೆಗೆ ಅಮೆರಿಕದಲ್ಲೇ ಸ್ವಾನ್ಸನ್ ಮತ್ತು ಸಂಗಡಿಗರು ಮಾಡಿದ 1990ರ ಅಧ್ಯಯನ. ಒಂದು ವರ್ಷದಲ್ಲಿ ಹಿಂಸೆಗೆ ಇಳಿದವರು, ಯಾವ ಮನೋರೋಗವೂ ಇಲ್ಲದವರಲ್ಲಿ ನೂರಕ್ಕೆ ಸುಮಾರು 2. ಸ್ಕಿಜೋಫ್ರೇನಿಯಾ ಮಾತ್ರ ಇದ್ದವರಲ್ಲಿ ಸುಮಾರು 8. ಮದ್ಯವ್ಯಸನಿಗಳಲ್ಲಿ ಸುಮಾರು 25. ಇಲ್ಲಿ 61ರಲ್ಲಿ 8 ಕಳೆದು ಉತ್ತರ ಬರೆಯಬೇಡಿ. ಮೊದಲನೆಯದು ಹಾಗೆಂದು ನಂಬಿದವರ ಪ್ರಮಾಣ, ಎರಡನೆಯದು ಹಾಗೆ ನಡೆದುಕೊಂಡವರ ಪ್ರಮಾಣ.

ರೋಗಕ್ಕೂ ಹಿಂಸೆಗೂ ಸಂಬಂಧವೇ ಇಲ್ಲ ಎನ್ನುವುದೂ ಸರಿಯಲ್ಲ. ಅಪಾಯ ಒಂದಿಷ್ಟು ಹೆಚ್ಚುತ್ತದೆ, ಅದನ್ನು ಮುಚ್ಚಿಟ್ಟು ಮಾತನಾಡಿದರೆ ಮನೆಯವರು ನಮ್ಮನ್ನು ನಂಬುವುದಿಲ್ಲ. ಆದರೆ ತೀವ್ರ ಮನೋರೋಗಿಗಳ ಸಂಖ್ಯೆಯೇ ಕಡಿಮೆ. ಆದ್ದರಿಂದ ಅಮೆರಿಕದ ಅಂದಾಜಿನಂತೆ ಸಮಾಜದ ಒಟ್ಟು ಹಿಂಸೆಯಲ್ಲಿ ಈ ರೋಗಗಳ ಪಾಲು ಶೇ 4ರ ಆಸುಪಾಸು. ಅಮೆರಿಕದ್ದೇ ಆದ 1998ರ ಮ್ಯಾಕ್ಆರ್ಥರ್ ಅಧ್ಯಯನ ಇನ್ನೂ ಮುಖ್ಯ: ಆಸ್ಪತ್ರೆಯಿಂದ ಮನೆಗೆ ಮರಳಿದ, ಕುಡಿತ ಅಥವಾ ಮಾದಕದ ಚಟವಿಲ್ಲದ ರೋಗಿಗಳಿಗೂ ಅದೇ ಬಡಾವಣೆಯ, ಚಟವಿಲ್ಲದ ನೆರೆಯವರಿಗೂ ಹಿಂಸೆಯಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಟೆಪ್ಲಿನ್ ತಂಡ 2005ರಲ್ಲಿ ತೋರಿಸಿದ್ದು ನನ್ನನ್ನು ಹೆಚ್ಚು ಕಲಕಿತು. ಷಿಕಾಗೊದ ತೀವ್ರ ಮನೋರೋಗಿಗಳಲ್ಲಿ ನಾಲ್ವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ ಒಂದೇ ವರ್ಷದಲ್ಲಿ ಹಿಂಸೆಗೆ ತುತ್ತಾಗಿದ್ದರು.

ಭಯ ಸುಮ್ಮನೆ ಕೂರುವುದಿಲ್ಲ, ಹಗ್ಗ ಸರಪಳಿ ಹುಡುಕುತ್ತದೆ. 2001ರ ಆಗಸ್ಟ್‌ನಲ್ಲಿ ತಮಿಳುನಾಡಿನ ಏರ್ವಾಡಿಯಲ್ಲಿ ಮನೋರೋಗಿಗಳನ್ನು ಇರಿಸಿದ್ದ ಖಾಸಗಿ ಆಶ್ರಯತಾಣಕ್ಕೆ ಬೆಂಕಿ ಬಿದ್ದಾಗ ಸರಪಳಿಯಲ್ಲಿದ್ದ 28 ರೋಗಿಗಳು ಓಡಲಾಗದೆ ಸತ್ತರು. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017ರ 95ನೆಯ ಸೆಕ್ಷನ್ ಯಾವ ರೂಪದಲ್ಲೂ ಸರಪಳಿ ಹಾಕಕೂಡದು ಎನ್ನುತ್ತದೆ. ಬೀದಿಯಲ್ಲಿ ಅಲೆಯುವ ರೋಗಿಯನ್ನು ಪೊಲೀಸರು ಲಾಕಪ್ಪಿಗೆ ಹಾಕದೆ ಆಸ್ಪತ್ರೆಗೆ ಕರೆದೊಯ್ಯಬೇಕೆಂಬುದು 100ನೆಯ ಸೆಕ್ಷನ್.

ನಮ್ಮ ಭಾಗದಲ್ಲಿ ಅನೇಕರು ರೋಗಿಯನ್ನು ಮೊದಲು ದತ್ತಾತ್ರೇಯ ಕ್ಷೇತ್ರವಾದ ಗಾಣಗಾಪುರಕ್ಕೆ ಕರೆದೊಯ್ಯುತ್ತಾರೆ. ಅವರ ನಂಬಿಕೆಯೊಂದಿಗೆ ಜಗಳ ಬೇಡ. ದತ್ತನ ದರ್ಶನವೂ ಆಗಲಿ, ಗುಳಿಗೆಯೂ ತಪ್ಪದಿರಲಿ. ಸಲಹೆಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ಮನೆಯವರಿಗೆ ಬರೆದುಕೊಡಿ.

ಮನೆಭೇಟಿಯಲ್ಲಿ "ಇವನು ಅಪಾಯಕಾರಿಯೇ" ಎಂದು ಯಾರಾದರೂ ಕೇಳಿದರೆ ಹೌದು, ಇಲ್ಲ ಎಂದು ಬಿಡಬೇಡಿ. ಕುಡಿತವಿದೆಯೇ, ಗುಳಿಗೆ ಯಾವಾಗ ನಿಂತಿತು, ಹಿಂದೆ ಯಾರ ಮೇಲಾದರೂ ಕೈಮಾಡಿದ್ದನೇ ಎಂದು ಕೇಳಿ. ಅವನಿಗೆ ಯಾರಾದರೂ ಹೊಡೆಯುತ್ತಿದ್ದಾರೆಯೇ ಎಂಬುದನ್ನು ಅವನನ್ನೇ, ಒಬ್ಬನೇ ಇರುವಾಗ ಕೇಳಿ.